117 ಗೆಲುವು, 117 ಸೋಲು: ಈಲೈ ಮ್ಯಾನಿಂಗ್‌ಗೆ ಹಾಲ್ ಆಫ್ ಫೇಮ್ ಸಲ್ಲುತ್ತದಾ?

ಅಮೆರಿಕನ್ ಫುಟ್‌ಬಾಲ್ ನೋಡುವವರ ನಡುವೆ ವರ್ಷಗಳಿಂದ ಒಂದು ಜಗಳ ನಡೀತಾ ಇದೆ. ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ 2004ರಿಂದ 2019ರವರೆಗೆ 16 ಸೀಸನ್ ಆಡಿದ ಕ್ವಾರ್ಟರ್‌ಬ್ಯಾಕ್ ಈಲೈ ಮ್ಯಾನಿಂಗ್. ನಿಯಮಿತ ಸೀಸನ್‌ನಲ್ಲಿ ಅವರು ಆರಂಭದಿಂದ ಆಡಿದ ಪಂದ್ಯಗಳು 234. ಗೆದ್ದದ್ದು 117, ಸೋತದ್ದೂ 117. ನಾಣ್ಯ ಚಿಮ್ಮಿದ್ದರೂ ಇದೇ ಉತ್ತರ ಬರ್ತಿತ್ತು! ಆದರೆ ಇದೇ ಮನುಷ್ಯ ಎರಡು ಸಲ ಸೂಪರ್ ಬೌಲ್ ಗೆದ್ದರು, ಎರಡು ಸಲವೂ ಪಂದ್ಯಶ್ರೇಷ್ಠ ಆದರು, ಎರಡು ಸಲವೂ ಎದುರಿಗಿದ್ದದ್ದು ಟಾಮ್ ಬ್ರೇಡಿ. 2025ರಲ್ಲಿ ಮೊದಲ ಸಲ ಅವರ ಹೆಸರು ಹಾಲ್ ಆಫ್ ಫೇಮ್ ಮತದಾರರ ಮುಂದೆ ಬಂತು, ಆಯ್ಕೆಯಾಗಲಿಲ್ಲ. 2026ರಲ್ಲೂ ಇಲ್ಲ.

ನಮಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಗಣಿತದ ಪೇಪರಿನಲ್ಲಿ ಓದಿ, ಪರೀಕ್ಷೆ ಮುಗಿದ ಸಂಜೆಯೇ ಮರೆತುಬಿಡುವ ಸರಾಸರಿ, ಬೈನಾಮಿಯಲ್, ಪಾಯ್ಸಾನ್, ಸ್ಯಾಂಪಲ್ ಗಾತ್ರ ಎಲ್ಲವೂ ಈ ಜಗಳದೊಳಗೆ ಕೂತಿವೆ. ಲೆಕ್ಕ ಎಲ್ಲಿವರೆಗೆ ನಮ್ಮನ್ನು ಕರೆದುಕೊಂಡು ಹೋಗುತ್ತದೆ, ಎಲ್ಲಿ ಕೈಬಿಡುತ್ತದೆ ಅನ್ನೋದನ್ನ ನೋಡೋಕೆ ಇಷ್ಟು ಒಳ್ಳೆ ಉದಾಹರಣೆ ಸಿಗೋದು ಕಷ್ಟ.

ಫುಟ್‌ಬಾಲ್ ಅಂದ ಕೂಡಲೇ ಮೆಸ್ಸಿ ನೆನಪಾದವರಿಗೆ ಎರಡು ಮಾತು. ಇದು ಕೈಯಲ್ಲಿ ಆಡುವ ಫುಟ್‌ಬಾಲ್. ಒಂದೊಂದು ಕಡೆ 11 ಜನ, 100 ಗಜ ಉದ್ದದ ಮೈದಾನ. ಚೆಂಡು ನಿಮ್ಮ ಬಳಿ ಇದ್ದರೆ ನಾಲ್ಕು ಪ್ರಯತ್ನಗಳಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತವೆ. ಪ್ರತಿ ಪ್ರಯತ್ನದಲ್ಲೂ ಚೆಂಡು ಮೊದಲು ಬರೋದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೀಬೇಕಾ, ಪಕ್ಕದವನ ಕೈಗೆ ಕೊಟ್ಟು ಓಡಿಸಬೇಕಾ ಅಂತ ಮೂರು ಸೆಕೆಂಡಿನೊಳಗೆ ತೀರ್ಮಾನ ಆಗಬೇಕು, ಅಷ್ಟರಲ್ಲಿ 130 ಕಿಲೋ ತೂಗುವ ನಾಲ್ಕು ಜನ ಮೈಮೇಲೆ ಬರ್ತಿರ್ತಾರೆ. ಎಸೆದ ಚೆಂಡನ್ನು ಎದುರಾಳಿ ಹಿಡಿದರೆ ಅದು ಇಂಟರ್‌ಸೆಪ್ಷನ್. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ನಿಯಮಿತ ಸೀಸನ್ ಮುಗಿದ ಮೇಲೆ ನಾಕೌಟ್, ಅದನ್ನ ಪ್ಲೇಆಫ್ ಅಂತಾರೆ. ಅದರ ಫೈನಲ್ಲೇ ಸೂಪರ್ ಬೌಲ್.

ಹಾಲ್ ಆಫ್ ಫೇಮ್ ಇರೋದು ಒಹಾಯೊ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ. 1920ರಲ್ಲಿ ಆ ಊರಿನ ಒಂದು ಕಾರ್ ಶೋರೂಮಿನಲ್ಲಿ ಕೂತು ಕೆಲವು ತಂಡಗಳವರು ಕಟ್ಟಿದ ಲೀಗೇ ಮುಂದೆ ಎನ್‌ಎಫ್‌ಎಲ್ ಆಯ್ತು, ಅದಕ್ಕೇ 1963ರಲ್ಲಿ ಹಾಲ್ ಕೂಡ ಅಲ್ಲೇ ತೆರೆಯಿತು. ಆಟ ನಿಲ್ಲಿಸಿ ಐದು ಸೀಸನ್ ಕಳೆದಿರಬೇಕು. ಸುಮಾರು 50 ಜನ ಮತದಾರರು, ಹೆಚ್ಚಿನವರು ಕ್ರೀಡಾ ಪತ್ರಕರ್ತರು. ಅವರಲ್ಲಿ ಶೇ. 80 ಜನ ಹೌದು ಅನ್ನಬೇಕು. ಇಷ್ಟು ಗಜ ಎಸೆದಿರಬೇಕು, ಇಷ್ಟು ಕಪ್ ಗೆದ್ದಿರಬೇಕು ಅಂತ ಕಟ್ ಆಫ್ ಎಲ್ಲೂ ಬರೆದಿಲ್ಲ. ಜಗಳದ ಬೇರು ಇರೋದೇ ಇಲ್ಲಿ.

ಮೊದಲು ಸೂತ್ರ

ಕ್ವಾರ್ಟರ್‌ಬ್ಯಾಕ್‌ನ ಎಸೆತವನ್ನು ಅಳೆಯೋಕೆ ಎನ್‌ಎಫ್‌ಎಲ್ 1973ರಿಂದ ಬಳಸುವ ಅಳತೆ ಪಾಸರ್ ರೇಟಿಂಗ್. ನೋಡೋಕೆ ವಿಚಿತ್ರವಾಗಿದೆ, ಒಳಗೆ ಸರಳ. ನಾಲ್ಕು ಭಾಗಗಳಿವೆ.

ಅ = (ಗುರಿ ಮುಟ್ಟಿದ ಎಸೆತ ÷ ಒಟ್ಟು ಎಸೆತ − 0.3) × 5
ಬ = (ಗಜ ÷ ಒಟ್ಟು ಎಸೆತ − 3) × 0.25
ಕ = (ಟಚ್‌ಡೌನ್ ÷ ಒಟ್ಟು ಎಸೆತ) × 20
ಡ = 2.375 − (ಇಂಟರ್‌ಸೆಪ್ಷನ್ ÷ ಒಟ್ಟು ಎಸೆತ) × 25

ಪ್ರತಿ ಭಾಗವೂ 0ಗಿಂತ ಕೆಳಗೆ, 2.375ಕ್ಕಿಂತ ಮೇಲೆ ಹೋಗುವ ಹಾಗಿಲ್ಲ. ನಾಲ್ಕನ್ನೂ ಕೂಡಿಸಿ, 6ರಿಂದ ಭಾಗಿಸಿ, 100ರಿಂದ ಗುಣಿಸಿ. ಗರಿಷ್ಠ 158.3. ಈ 0.3, 25 ಎಲ್ಲ ಎಲ್ಲಿಂದ ಬಂದವು? ಆ ಕಾಲದ ಸಾಧಾರಣ ಕ್ವಾರ್ಟರ್‌ಬ್ಯಾಕ್‌ಗೆ ಪ್ರತಿ ಭಾಗದಲ್ಲೂ ಸರಿಯಾಗಿ 1 ಬರುವ ಹಾಗೆ ಕೂರಿಸಿದ್ದು. ಶೇ. 50 ಎಸೆತ ಗುರಿ ಮುಟ್ಟಿ, ಎಸೆತಕ್ಕೆ 7 ಗಜ ಬಂದು, ಶೇ. 5 ಟಚ್‌ಡೌನ್, ಶೇ. 5.5 ಇಂಟರ್‌ಸೆಪ್ಷನ್ ಆದರೆ ನಾಲ್ಕೂ 1, ರೇಟಿಂಗ್ 66.7. ಪೆನ್ನು ತಗೊಂಡು ಹಾಕಿ ನೋಡಿ, ಬರುತ್ತೆ.

ಈಗ ಈಲೈ. ನಿಯಮಿತ ಸೀಸನ್‌ಗಳಲ್ಲಿ 8,119 ಎಸೆತ, ಗುರಿ ಮುಟ್ಟಿದ್ದು 4,895, ಗಜ 57,023, ಟಚ್‌ಡೌನ್ 366, ಇಂಟರ್‌ಸೆಪ್ಷನ್ 244. ಅ = 1.51, ಬ = 1.01, ಕ = 0.90, ಡ = 1.62. ರೇಟಿಂಗ್ 84.1.

66.7ರ ಪಕ್ಕ ಇಟ್ಟರೆ 84.1 ಭಾರಿ ಅನ್ನಿಸುತ್ತೆ. ಆದರೆ ಭಾಗಗಳನ್ನು ಬಿಡಿಸಿ ನೋಡಿ. ಗಜ ಮತ್ತು ಟಚ್‌ಡೌನ್ ಎರಡರಲ್ಲೂ ಈಲೈ 1973ರ ಸಾಧಾರಣ ಆಟಗಾರನ ಮಟ್ಟದಲ್ಲೇ ಇದ್ದಾರೆ. ಹೆಚ್ಚು ಬಂದಿರೋದು ಬರೀ ಗುರಿ ಮುಟ್ಟುವ ಪ್ರಮಾಣದಲ್ಲಿ, ಇಂಟರ್‌ಸೆಪ್ಷನ್ ಕಡಿಮೆ ಆದದ್ದರಲ್ಲಿ. ಆ ಎರಡೂ ಇಡೀ ಲೀಗಿಗೇ ಬದಲಾದವು. 1978ರಲ್ಲಿ ರಿಸೀವರ್‌ಗಳನ್ನು ಡಿಫೆನ್ಸ್‌ನವರು ತಡೆದು ನಿಲ್ಲಿಸುವುದರ ಮೇಲೆ ಕಟ್ಟುನಿಟ್ಟು ಬಂತು, 2004ರಲ್ಲಿ ಅದೇ ನಿಯಮವನ್ನು ಇನ್ನಷ್ಟು ಬಿಗಿಯಾಗಿ ಜಾರಿ ಮಾಡಿದರು. ಚಿಕ್ಕ, ಸುರಕ್ಷಿತ ಎಸೆತಗಳ ಆಟ ಬೆಳೀತು. ಹಾಗಾಗಿ ಈಲೈ ಆಡಿದ ಕಾಲದಲ್ಲಿ 84 ಅಂದ್ರೆ ಹೆಚ್ಚುಕಡಿಮೆ ಲೀಗಿನ ಸರಾಸರಿ, ಅಷ್ಟೇ. ಯೂನಿಟ್ ಒಂದೇ ಇದ್ದ ಮಾತ್ರಕ್ಕೆ ಎರಡು ಕಾಲದ ರೀಡಿಂಗ್ ಹೋಲಿಸಬಾರದು ಅಂತ ಲ್ಯಾಬಿನಲ್ಲಿ ಹೇಳಿಕೊಡೋದು ಇದನ್ನೇ.

ಒಟ್ಟು ಗಜ 57,023 ಎನ್ನುವ ವಾದವೂ ಹೀಗೇ. 16 ವರ್ಷ ಗಾಯವಾಗದೆ ಆಡಿದರೆ ಸಂಖ್ಯೆ ಬೆಳೆಯುತ್ತೆ. ಸತತ 210 ಪಂದ್ಯ ಆರಂಭದಿಂದ ಆಡಿದ್ದು ಸಣ್ಣ ಮಾತಲ್ಲ, ಅದನ್ನ ನಾನು ಗೌರವದಿಂದಲೇ ಹೇಳ್ತೀನಿ. ಆ ಸರಣಿ ಮುರಿದದ್ದೂ ಗಾಯದಿಂದಲ್ಲ, 2017ರಲ್ಲಿ ಕೋಚ್ ಅವರನ್ನು ಬೆಂಚಿನಲ್ಲಿ ಕೂರಿಸಿದ್ದರಿಂದ. ಆದರೆ ಹಾಜರಾತಿ ಬೇರೆ, ಅಂಕ ಬೇರೆ. ಇಡೀ ವೃತ್ತಿಯಲ್ಲಿ ಒಮ್ಮೆಯೂ ಈಲೈ ವರ್ಷದ ಆಲ್-ಪ್ರೊ ತಂಡಕ್ಕೆ ಆಯ್ಕೆಯಾಗಲಿಲ್ಲ. ಲೀಗಿನಲ್ಲೇ ಅತಿ ಹೆಚ್ಚು ಇಂಟರ್‌ಸೆಪ್ಷನ್ ಕೊಟ್ಟವರ ಪಟ್ಟಿಯ ತುದಿಯಲ್ಲಿ ಮೂರು ಸಲ ನಿಂತರು: 2007ರಲ್ಲಿ 20 (ಜೊತೆಗೆ ಇನ್ನಿಬ್ಬರು), 2010ರಲ್ಲಿ 25, 2013ರಲ್ಲಿ 27.

ಆ 2007ನ್ನು ನೆನಪಿಟ್ಟುಕೊಳ್ಳಿ. ಮೊದಲ ಕಪ್ ಬಂದದ್ದು ಅದೇ ಸೀಸನ್‌ನಲ್ಲಿ.

ದೊಡ್ಡ ಪಂದ್ಯದ ಆಟಗಾರ?

ಈಲೈ ಪರ ಇರುವವರು ಇಲ್ಲಿ ನಗ್ತಾರೆ. ಸರಾಸರಿ ಇಟ್ಕೊಂಡು ಏನ್ ಮಾಡ್ತೀರಿ, ಬೇಕಾದಾಗ ಹೊಡೆದನಾ ಇಲ್ವಾ ಅಷ್ಟು ಹೇಳಿ ಅಂತಾರೆ. ಕ್ರಿಕೆಟ್ ನೋಡುವ ನಮಗೆ ಈ ಮಾತು ಚೆನ್ನಾಗಿ ಅರ್ಥ ಆಗುತ್ತೆ. 2001ರಲ್ಲಿ ಈಡನ್‌ನಲ್ಲಿ ಲಕ್ಷ್ಮಣ್ 281, ನಮ್ಮ ದ್ರಾವಿಡ್ 180 ಹೊಡೆದದ್ದನ್ನ ಯಾರಾದರೂ ಸರಾಸರಿಯಿಂದ ವಿವರಿಸ್ತಾರಾ?

ಹೊಡೆದದ್ದು ನಿಜ. 2008ರ ಫೆಬ್ರವರಿ 3, ಅರಿಝೋನಾ. ಎದುರಿಗೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್, 18 ಪಂದ್ಯ ಆಡಿ 18 ಗೆದ್ದು ಬಂದ ತಂಡ. ನಿಯಮಿತ ಸೀಸನ್‌ನಲ್ಲಿ 589 ಅಂಕ ಬಾರಿಸಿ ಆಗಿನ ದಾಖಲೆ ಮಾಡಿದ್ದರು. ಜೈಂಟ್ಸ್ 10-14ರಲ್ಲಿ ಹಿಂದೆ. ಎರಡೂಮುಕ್ಕಾಲು ನಿಮಿಷಕ್ಕೂ ಕಡಿಮೆ ಸಮಯ, 83 ಗಜ ದೂರ. ನಡುವೆ ಒಂದು ಎಸೆತ ಪೇಟ್ರಿಯಟ್ಸ್‌ನ ಅಸಾಂಟೆ ಸ್ಯಾಮ್ಯುಯೆಲ್ ಬೆರಳಿಗೆ ತಾಗಿ ಜಾರಿತು, ಹಿಡಿದಿದ್ದರೆ ಕತೆ ಅಲ್ಲಿಗೇ ಮುಗೀತಿತ್ತು. ಮುಂದಿನ ಪ್ರಯತ್ನದಲ್ಲೇ ಇಬ್ಬರು ಈಲೈ ಜೆರ್ಸಿ ಹಿಡಿದು ಎಳೀತಿದ್ದಾರೆ, ಹೇಗೋ ಬಿಡಿಸಿಕೊಂಡು ಹಿಂದೆ ಸರಿದು ನಡುಮೈದಾನಕ್ಕೆ ಎಸೆದರು. ಡೇವಿಡ್ ಟೈರಿ ಎಂಬ ರಿಸೀವರ್ ಹಾರಿ, ಒಂದೇ ಕೈಯಲ್ಲಿ ಚೆಂಡನ್ನು ತನ್ನ ಹೆಲ್ಮೆಟ್ಟಿಗೆ ಒತ್ತಿಕೊಂಡೇ ನೆಲಕ್ಕೆ ಬಿದ್ದರು. 32 ಗಜ. ಇನ್ನು 35 ಸೆಕೆಂಡ್ ಇರುವಾಗ ಪ್ಲಾಕ್ಸಿಕೊ ಬರ್ರೆಸ್‌ಗೆ ಟಚ್‌ಡೌನ್. 17-14. ಯೂಟ್ಯೂಬ್‌ನಲ್ಲಿದೆ, ಆಟ ಗೊತ್ತಿಲ್ಲದಿದ್ದರೂ ಒಮ್ಮೆ ನೋಡಿ.

ನಾಲ್ಕು ವರ್ಷದ ನಂತರ ಇಂಡಿಯಾನಾಪೊಲಿಸ್‌ನಲ್ಲಿ ಅದೇ ಎದುರಾಳಿ, 21-17. ಈ ಸಲದ ಕೊನೆಯ ಓಟ ಶುರುವಾದದ್ದು ಎಡ ಅಂಚಿನಲ್ಲಿ ಮಾರಿಯೊ ಮ್ಯಾನಿಂಗ್‌ಹ್ಯಾಮ್‌ಗೆ ಎಸೆದ 38 ಗಜದ ಪಾಸ್‌ನಿಂದ. ಇಬ್ಬರು ಡಿಫೆಂಡರ್‌ಗಳ ನಡುವಿನ ಸಣ್ಣ ಸಂದಿಗೆ ಹೋಗಿ ಬಿದ್ದ ಚೆಂಡು ಅದು. ನನ್ನ ಮಟ್ಟಿಗೆ ಟೈರಿ ಕ್ಯಾಚ್‌ಗಿಂತ ಇದೇ ದೊಡ್ಡದು, ಯಾಕಂದ್ರೆ ಇದರಲ್ಲಿ ಅದೃಷ್ಟದ ಪಾಲು ಕಡಿಮೆ.

ಸರಿ, ಲೆಕ್ಕ ಹಾಕೋಣ. ಈಲೈ ಆರು ಸಲ ಪ್ಲೇಆಫ್‌ಗೆ ಹೋದರು. ಎರಡು ಸಲ ಸತತ ನಾಲ್ಕು ಗೆದ್ದು ಕಪ್ ತಂದರು, ಉಳಿದ ನಾಲ್ಕು ಸಲ ಮೊದಲ ಪಂದ್ಯದಲ್ಲೇ ಸೋತು ಮನೆಗೆ ಬಂದರು. ಒಟ್ಟು 8-4. ಈಗ ಪ್ರತಿ ಪಂದ್ಯವನ್ನೂ ನಾಣ್ಯ ಚಿಮ್ಮುವುದು ಅಂತಿಟ್ಟುಕೊಳ್ಳಿ. ಸತತ ನಾಲ್ಕು ಗೆಲ್ಲುವ ಸಂಭವ 1/16. ಆರು ಪ್ರಯತ್ನದಲ್ಲಿ ಕನಿಷ್ಠ ಎರಡು ಸಲ ಹಾಗಾಗುವ ಸಂಭವ ಬೈನಾಮಿಯಲ್ ಪ್ರಕಾರ ಸುಮಾರು ಶೇ. 5. ಒಬ್ಬನೇ ಮನುಷ್ಯನನ್ನು ನೋಡಿದರೆ ಅಪರೂಪ. ಆದರೆ ನಾವು ಈಲೈಯನ್ನು ಮೊದಲೇ ಆರಿಸಿಕೊಂಡು ನೋಡಿದವರಲ್ಲ, ಗೆದ್ದ ಮೇಲೆ ಅವರ ಕಡೆ ತಿರುಗಿದವರು. ಆರಾರು ಸಲ ಪ್ಲೇಆಫ್ ಕಂಡ 20 ಸಾಧಾರಣ ಕ್ವಾರ್ಟರ್‌ಬ್ಯಾಕ್‌ಗಳಿದ್ದರೆ, ಬರೀ ನಾಣ್ಯದ ಕೃಪೆಯಿಂದ ಅವರಲ್ಲೊಬ್ಬರ ಬೆರಳಲ್ಲಿ ಎರಡು ಉಂಗುರ ಇರುತ್ತೆ ಅಂತ ನಿರೀಕ್ಷಿಸಬಹುದು. (ಇಲ್ಲಿ ಕಪ್ ಗೆದ್ದವರಿಗೆ ಉಂಗುರ ಕೊಡ್ತಾರೆ, ಬೆರಳು ಮುಚ್ಚುವಷ್ಟು ದೊಡ್ಡದು.)

ಇನ್ನೂ ಒಂದು ಹೆಜ್ಜೆ ಹೋಗೋಣ. ಆ ಎಂಟು ಗೆಲುವಿನಲ್ಲಿ ಈಲೈ 282 ಎಸೆದರು, 15 ಟಚ್‌ಡೌನ್, ಇಂಟರ್‌ಸೆಪ್ಷನ್ ಬರೀ 2. ಅವರ ಮಾಮೂಲಿ ದರದಲ್ಲಿ, ಅಂದ್ರೆ ಶೇ. 3ರಲ್ಲಿ, 8.5 ಆಗಬೇಕಿತ್ತು. ಪಾಯ್ಸಾನ್ ಹಾಕಿದರೆ 2 ಅಥವಾ ಅದಕ್ಕಿಂತ ಕಡಿಮೆ ಆಗುವ ಸಂಭವ ಸುಮಾರು ಶೇ. 1. ಈ ಸಂಖ್ಯೆ ಸಿಕ್ಕಿದ ಕೂಡಲೇ ಸಾಕ್ಷಿ ಸಿಕ್ಕಿತು ಅಂತ ಕುಣಿಯೋ ಹಾಗಿಲ್ಲ. ಗೆದ್ದ ಪಂದ್ಯಗಳನ್ನಷ್ಟೇ ಆರಿಸಿಕೊಂಡಿದ್ದೇವೆ, ಗೆದ್ದ ಪಂದ್ಯದಲ್ಲಿ ಇಂಟರ್‌ಸೆಪ್ಷನ್ ಕಡಿಮೆ ಇರೋದು ಸಹಜ. ಸೋತ ನಾಲ್ಕನ್ನೂ ಸೇರಿಸಿ. ಆ ನಾಲ್ಕರಲ್ಲಿ 3 ಟಚ್‌ಡೌನ್, 7 ಇಂಟರ್‌ಸೆಪ್ಷನ್. 12 ಪ್ಲೇಆಫ್ ಪಂದ್ಯಗಳ ಒಟ್ಟು ಮೊತ್ತ 400 ಎಸೆತ, 242 ಗುರಿ, 2,815 ಗಜ, 18 ಟಚ್‌ಡೌನ್, 9 ಇಂಟರ್‌ಸೆಪ್ಷನ್. ಮೇಲಿನ ಸೂತ್ರಕ್ಕೆ ಹಾಕಿ: 87.4.

ನಿಯಮಿತ ಸೀಸನ್‌ನಲ್ಲಿ 84.1, ಪ್ಲೇಆಫ್‌ನಲ್ಲಿ 87.4. ದೊಡ್ಡ ಪಂದ್ಯ ಬಂದಾಗ ಬೇರೆಯೇ ಮನುಷ್ಯ ಆಗಿಬಿಡ್ತಾರೆ ಅನ್ನುವ ಮಾತಿಗೆ ಇಷ್ಟು ವ್ಯತ್ಯಾಸ ಸಾಲದು. 400 ಎಸೆತದಲ್ಲಿ ಈ ಮೂರು ಅಂಕ ಗದ್ದಲದೊಳಗೆ ಮುಳುಗಿಹೋಗುತ್ತೆ.

ಅಲ್ಲದೆ ಗೆಲುವನ್ನು ಕ್ವಾರ್ಟರ್‌ಬ್ಯಾಕ್ ಹೆಸರಿಗೆ ಬರೆಯುವುದೇ ಒಂದು ಕೆಟ್ಟ ಅಭ್ಯಾಸ. ಆ 589 ಅಂಕದ ಪೇಟ್ರಿಯಟ್ಸ್ ಅನ್ನು ಫೈನಲ್‌ನಲ್ಲಿ 14ಕ್ಕೆ ಕಟ್ಟಿಹಾಕಿದ್ದು ಜೈಂಟ್ಸ್ ಡಿಫೆನ್ಸ್. ಬ್ರೇಡಿಯನ್ನು ಐದು ಸಲ ನೆಲಕ್ಕೆ ಕೆಡವಿದರು. ಆಗ ಈಲೈ ಮೈದಾನದ ಹೊರಗೆ ನೀರು ಕುಡೀತಾ ನಿಂತಿದ್ದರು. ನಾಲ್ಕು ಜನ ಮಾಡಿದ ಪ್ರಾಜೆಕ್ಟಿಗೆ ಪ್ರೆಸೆಂಟೇಶನ್ ಕೊಟ್ಟವನಿಗೇ ಹೆಸರು ಬರೋದು ನಮಗೇನು ಹೊಸದಲ್ಲವಲ್ಲ.

ಹಿಂದಿನ ತೀರ್ಪುಗಳು

ಕಟ್ ಆಫ್ ಬರೆದಿಲ್ಲ ಅಂದ ಮೇಲೆ ಹಿಂದೆ ಯಾರನ್ನು ಒಳಗೆ ಬಿಟ್ಟರು, ಯಾರನ್ನು ಬಿಡಲಿಲ್ಲ ಅಂತ ನೋಡಬೇಕು. ಈಲೈ ವಿಷಯದಲ್ಲಿ ಎರಡು ಹೆಸರು ಮುಖ್ಯ, ಎರಡೂ ಬೇರೆ ಬೇರೆ ದಿಕ್ಕು ತೋರಿಸುತ್ತವೆ.

ಜೋ ನೇಮತ್. ಕ್ವಾರ್ಟರ್‌ಬ್ಯಾಕ್ ಆಗಿ 62 ಗೆಲುವು, 63 ಸೋಲು, 4 ಡ್ರಾ. 173 ಟಚ್‌ಡೌನ್‌ಗೆ 220 ಇಂಟರ್‌ಸೆಪ್ಷನ್. ರೇಟಿಂಗ್ 65.5. 1969ರ ಜನವರಿಯಲ್ಲಿ, ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದಿದ್ದ ನ್ಯೂಯಾರ್ಕ್ ಜೆಟ್ಸ್ ಗೆದ್ದೇ ಗೆಲ್ಲುತ್ತೆ ಅಂತ ಮೊದಲೇ ಖಾತರಿ ಕೊಟ್ಟು, ಬಾಲ್ಟಿಮೋರ್ ಕೋಲ್ಟ್ಸ್ ಅನ್ನು 16-7ರಲ್ಲಿ ಸೋಲಿಸಿದರು. ಎಎಫ್‌ಎಲ್ ಎಂಬ ಎದುರಾಳಿ ಲೀಗು ಎನ್‌ಎಫ್‌ಎಲ್‌ಗೆ ಸಮ ಅಂತ ಜನ ಒಪ್ಪಿದ್ದು ಆ ಒಂದು ಮಧ್ಯಾಹ್ನದಿಂದ. 1985ರಲ್ಲಿ ನೇಮತ್ ಹಾಲ್ ಸೇರಿದರು.

ಜಿಮ್ ಪ್ಲಂಕೆಟ್. ಮೆಕ್ಸಿಕನ್ ಮೂಲದ ಬಡ ಕುಟುಂಬ, ತಂದೆ ತಾಯಿ ಇಬ್ಬರಿಗೂ ಕಣ್ಣು ಕಾಣ್ತಿರಲಿಲ್ಲ. ಎರಡು ತಂಡಗಳಿಂದ ಹೊರಬಿದ್ದು, ಮೂರನೆಯದರಲ್ಲಿ ಬೆಂಚು ಕಾಯ್ತಿದ್ದವರು. 1980ರಲ್ಲಿ ರೇಡರ್ಸ್‌ನ ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ ಕಾಲು ಮುರಿದಾಗ ಅವಕಾಶ ಸಿಕ್ಕಿತು. ಅದೇ ವರ್ಷ ಕಪ್, ಫೈನಲ್‌ನಲ್ಲಿ ಪಂದ್ಯಶ್ರೇಷ್ಠ. 1983ರ ಸೀಸನ್‌ನಲ್ಲಿ ಎರಡನೇ ಕಪ್. ಪ್ಲೇಆಫ್‌ನಲ್ಲಿ 8-2, ಈಲೈಗಿಂತ ಮೇಲು. ನಿಯಮಿತ ಸೀಸನ್ ದಾಖಲೆ ಏನು ಗೊತ್ತಾ? 72-72. ಇವತ್ತಿಗೂ ಹೊರಗೇ ಇದ್ದಾರೆ.

ಈಲೈ ಇಲ್ಲದೆ ಎನ್‌ಎಫ್‌ಎಲ್ ಇತಿಹಾಸ ಬರೆಯೋಕಾಗಲ್ಲ ಅನ್ನೋದು ನಾನು ಹೆಚ್ಚು ಸಲ ಕೇಳಿದ ವಾದ. ನೇಮತ್‌ಗೆ ಅದು ಹೊಂದುತ್ತೆ. ಆದರೆ ಟೈರಿ ಇಲ್ಲದೆ ಬರೆಯೋಕಾಗುತ್ತಾ? ಆ ಸೀಸನ್ನಿನ ನಿಯಮಿತ ಪಂದ್ಯಗಳಲ್ಲಿ ಅವರು ಹಿಡಿದದ್ದು 4 ಪಾಸ್, ಆ ಹೆಲ್ಮೆಟ್ ಕ್ಯಾಚ್ ಎನ್‌ಎಫ್‌ಎಲ್‌ನಲ್ಲಿ ಅವರ ಕೊನೆಯ ಕ್ಯಾಚ್. ಟೈರಿಯನ್ನು ಹಾಲ್‌ಗೆ ಸೇರಿಸಿ ಅಂತ ಯಾರೂ ಕೇಳಲ್ಲ. ಬೇಡದವರನ್ನೂ ಒಳಗೆ ಬಿಡುವ ವಾದ ಜರಡಿಯೇ ಅಲ್ಲ.

ಹಾಗಾದರೆ ಈಲೈಗೆ ಏನು ಉಳೀತು? 2011. ನನ್ನ ಪ್ರಕಾರ ಅವರ ನಿಜವಾದ ಅರ್ಜಿ ಅದೊಂದು ಸೀಸನ್. ತಂಡ 9-7, ಹೇಳಿಕೊಳ್ಳುವಂಥದ್ದೇನೂ ಅಲ್ಲ. ಈಲೈ 4,933 ಗಜ ಎಸೆದರು, ನಾಲ್ಕನೇ ಕ್ವಾರ್ಟರ್‌ನಲ್ಲೇ 15 ಟಚ್‌ಡೌನ್ ಪಾಸ್ ಹೊಡೆದು ದಾಖಲೆ ಮಾಡಿದರು. ಪ್ಲೇಆಫ್‌ನಲ್ಲಿ 15-1 ದಾಖಲೆಯ ಗ್ರೀನ್ ಬೇ ಅನ್ನು ಅವರದೇ ಮೈದಾನದಲ್ಲಿ 37-20ಕ್ಕೆ ಹೊಡೆದರು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ: ಒದ್ದೆ ಮೈದಾನ, ಲೀಗಿನ ಅತಿ ಕಠಿಣ ಡಿಫೆನ್ಸ್‌ಗಳಲ್ಲೊಂದು, ಆರು ಸಲ ಕೆಡವಿದರು, ಎದ್ದು ಎದ್ದು 58 ಎಸೆದರು, ಒಂದೂ ಇಂಟರ್‌ಸೆಪ್ಷನ್ ಇಲ್ಲ, ಹೆಚ್ಚುವರಿ ಸಮಯದಲ್ಲಿ 20-17. ಅಲ್ಲಿ ತಂಡವನ್ನು ಹೊತ್ತವರು ಅವರೇ.

ಸರಾಸರಿ ಎನ್ನುವುದು ಮುಂದಿನ ಎಸೆತ ಹೇಗಿರಬಹುದು ಅಂತ ಅಂದಾಜು ಮಾಡೋಕೆ ಇರುವ ಸಾಧನ. ಹಾಲ್ ಆಫ್ ಫೇಮ್ ಮುಂದಿನ ಎಸೆತದ ಬಗ್ಗೆ ಕೇಳ್ತಿಲ್ಲ. ಆಗಿಹೋದದ್ದರ ಬಗ್ಗೆ ಕೇಳ್ತಿದೆ. ನಾಣ್ಯದ ಲೆಕ್ಕ ಈಲೈಗೆ ವಿಶೇಷ ಶಕ್ತಿ ಇತ್ತು ಅನ್ನೋದನ್ನ ಸಾಬೀತು ಮಾಡಲಿಲ್ಲ, ಸರಿ. ಆದರೆ ಮ್ಯಾನಿಂಗ್‌ಹ್ಯಾಮ್‌ಗೆ ಆ ಸಂದಿಯಲ್ಲಿ ಎಸೆದದ್ದು ನಾಣ್ಯ ಅಲ್ಲ, ಒಂದು ಕೈ. ಅದಕ್ಕಾಗಿ ನನ್ನ ಮತ ಹೌದು, ಆದರೆ ತಡವಾಗಿ. ಸರಾಸರಿ ಆಟಗಾರ, ಒಂದು ದೊಡ್ಡ ಸೀಸನ್, ಎರಡು ದೊಡ್ಡ ಜನವರಿ ಅಂತ ಸ್ಪಷ್ಟವಾಗಿ ಬರೆದುಕೊಂಡು. ಹೀಗೆ ಹೌದು ಅಂದವರು ಪ್ಲಂಕೆಟ್ ಫೈಲನ್ನೂ ಮತ್ತೆ ತೆಗೀಬೇಕು. 1947ರಲ್ಲಿ ಹುಟ್ಟಿದವರು ಅವರು, ತುಂಬಾ ಕಾಯಿಸುವ ಹಾಗಿಲ್ಲ.

ಈಲೈಗಿಂತ ಮೊದಲು ಒಳಗೆ ಹೋಗಬೇಕಾದ ಇನ್ನೊಬ್ಬರಿದ್ದಾರೆ. 2004ರ ಡ್ರಾಫ್ಟ್‌ನಲ್ಲಿ ಸ್ಯಾನ್ ಡಿಯೇಗೊ ಚಾರ್ಜರ್ಸ್ ಮೊದಲ ಆಯ್ಕೆಯಾಗಿ ಈಲೈಯನ್ನು ತಗೊಂಡಿತು. ಅಲ್ಲಿ ಆಡಲ್ಲ ಅಂತ ಮ್ಯಾನಿಂಗ್ ಕುಟುಂಬ ಮೊದಲೇ ಹೇಳಿತ್ತು. ಜೈಂಟ್ಸ್ ನಾಲ್ಕನೇ ಆಯ್ಕೆಯಾಗಿ ಫಿಲಿಪ್ ರಿವರ್ಸ್ ಅವರನ್ನು ತಗೊಂಡು, ಅದೇ ದಿನ ಅದಲುಬದಲು ಮಾಡಿಕೊಂಡಿತು. 2020ರ ಕೊನೆಗೆ ರಿವರ್ಸ್ ಲೆಕ್ಕ: 8,134 ಎಸೆತ, ಈಲೈಗಿಂತ ಬರೀ 15 ಹೆಚ್ಚು. ಗಜ 63,440, ಟಚ್‌ಡೌನ್ 421, ಇಂಟರ್‌ಸೆಪ್ಷನ್ 209. ಹೆಚ್ಚುಕಡಿಮೆ ಅಷ್ಟೇ ಎಸೆತಕ್ಕೆ 6,417 ಗಜ ಹೆಚ್ಚು, 55 ಟಚ್‌ಡೌನ್ ಹೆಚ್ಚು, 35 ತಪ್ಪು ಕಡಿಮೆ. ರೇಟಿಂಗ್ 95.2, ಗೆಲುವು ಸೋಲು 134-106, ಸತತ 240 ಪಂದ್ಯ. ಲ್ಯಾಬ್ ಪ್ರಯೋಗಕ್ಕೂ ಇಷ್ಟು ಚೆನ್ನಾಗಿ ಹೊಂದುವ ಜೋಡಿ ಸಿಗಲ್ಲ. ಆದರೆ ಸೂಪರ್ ಬೌಲ್? ಒಮ್ಮೆಯೂ ಆಡಲಿಲ್ಲ. 2008ರ ಜನವರಿಯಲ್ಲಿ ಒಂದು ಹೆಜ್ಜೆ ದೂರ ಇದ್ದರು. ಮಂಡಿಯ ಲಿಗಮೆಂಟ್ ಹರಿದುಕೊಂಡೇ ಅದೇ ಅಜೇಯ ಪೇಟ್ರಿಯಟ್ಸ್ ಎದುರು ಇಡೀ ಪಂದ್ಯ ಆಡಿ 12-21ರಲ್ಲಿ ಸೋತರು. ಎರಡು ವಾರದ ನಂತರ ಆ ತಂಡವನ್ನು ಸೋಲಿಸಿದ್ದು ಈಲೈ. ಕಪ್ ಇಲ್ಲದಿರುವುದು ಅಡ್ಡಿಯೂ ಅಲ್ಲ: ಡ್ಯಾನ್ ಮರೀನೊ, ಫ್ರಾನ್ ಟಾರ್ಕೆಂಟನ್, ಚಾರ್ಜರ್ಸ್‌ನವರೇ ಆದ ಡ್ಯಾನ್ ಫೌಟ್ಸ್ ಎಲ್ಲರೂ ಕಪ್ ಇಲ್ಲದೆ ಒಳಗಿದ್ದಾರೆ.

ರಿವರ್ಸ್ ಹೆಸರು 2026ರ ಪಟ್ಟಿಗೆ ಬಂದಿತ್ತು. ಅಷ್ಟರಲ್ಲಿ 2025ರ ಡಿಸೆಂಬರ್‌ನಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ಕ್ವಾರ್ಟರ್‌ಬ್ಯಾಕ್‌ಗಳಿಗೆ ಗಾಯವಾಗಿ ಕರೆ ಹೋಯಿತು. ಆಗ ಅವರಿಗೆ 44 ವರ್ಷ, ಆಗಲೇ ತಾತ ಆಗಿದ್ದರು, ಒಂದು ಶಾಲಾ ತಂಡಕ್ಕೆ ಕೋಚ್. ಒಪ್ಪಿಕೊಂಡರೆ ಐದು ವರ್ಷದ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತೆ ಅಂತ ಗೊತ್ತಿದ್ದೂ ಹೋದರು. ಸಿಯಾಟಲ್‌ನಲ್ಲಿ 16-18, ಎರಡು ಅಂಕದಿಂದ ಸೋಲು. ಈಗ ಅವರ ಹೆಸರು ಮತ್ತೆ ಮತಕ್ಕೆ ಬರೋದು 2031ಕ್ಕೆ.